ದಿಗ್ವಿಜಯ ಮತ್ತು ದಿಗ್ವ್ರತ: ಕಡೂರು, ತರೀಕೆರೆ, ಅಜ್ಜಂಪುರಗಳ ಸಾಕ್ಷ್ಯದಲ್ಲಿ ಒಂದು ವಿಮರ್ಶೆ

ಪ್ರಾಚೀನ ಸಾಮ್ರಾಜ್ಯಗಳನ್ನು ಹೋಲಿಸುವ ಗ್ರಂಥಗಳು ಸಾಮಾನ್ಯವಾಗಿ ಎರಡು ಅಳತೆಗೋಲುಗಳನ್ನು ಬಳಸುತ್ತವೆ. ಒಂದು, ಸಾಮ್ರಾಜ್ಯದ ವಿಸ್ತಾರ. ಇನ್ನೊಂದು, ಅದರ ಬಾಳಿಕೆ. ರೋಮ್ ಎಷ್ಟು ದೂರ ಹಬ್ಬಿತು, ಮೌರ್ಯರ ಆಜ್ಞೆ ಎಲ್ಲಿಯವರೆಗೆ ನಡೆಯಿತು, ರಾಷ್ಟ್ರಕೂಟರ ಕುದುರೆಗಳು ಯಾವ ನದಿಯ ನೀರು ಕುಡಿದವು, ಹೊಯ್ಸಳರು ಎಷ್ಟು ಶತಮಾನ ಆಳಿದರು ಎಂಬ ಪ್ರಶ್ನೆಗಳೇ ಮುಂದೆ ನಿಲ್ಲುತ್ತವೆ. ಜೈನ ಸಮಾಜದ ನಮ್ಮ ಬರಹಗಳೂ ಈ ರೂಢಿಗೆ ಹೊರತಾಗಿಲ್ಲ. ಅಹಿಂಸಾಧರ್ಮದಿಂದ ರಾಜ್ಯಗಳು ದುರ್ಬಲವಾದವು ಎಂಬ ಆಕ್ಷೇಪ ಬಹು ಹಳೆಯದು. ಅದಕ್ಕೆ ಉತ್ತರವಾಗಿ ಚಾವುಂಡರಾಯ, ಗಂಗರಾಜ, ಹುಳ್ಳ ಮೊದಲಾದ ಜಿನಭಕ್ತ ದಂಡನಾಯಕರ ಹೆಸರುಗಳನ್ನು ಹೇಳುವುದು ವಾಡಿಕೆ. ಬಿ. ಎ. ಸಾಲೆತೊರೆಯವರು 1938ರಲ್ಲಿ ಪ್ರಕಟಿಸಿದ ಮಧ್ಯಯುಗೀನ ಜೈನಧರ್ಮದ ಗ್ರಂಥವು ಈ ಉತ್ತರಕ್ಕೆ ವಿದ್ವತ್ತಿನ ಬಲ ನೀಡಿತು. ಆಕ್ಷೇಪ ಸುಳ್ಳೆಂದು ತೋರಿಸುವಷ್ಟರ ಮಟ್ಟಿಗೆ ಆ ಕೆಲಸ ಸಾರ್ಥಕವಾದುದೇ ಸರಿ.

ಆದರೆ ಉತ್ತರ ಹೇಳುವ ಆತುರದಲ್ಲಿ ನಾವು ಎದುರಾಳಿಯ ಅಳತೆಗೋಲನ್ನೇ ಒಪ್ಪಿಕೊಂಡಿದ್ದೇವೆ. 'ನಮ್ಮವರೂ ಗೆದ್ದರು' ಎಂದು ಹೇಳಿದಾಗ ಗೆಲುವೇ ಹಿರಿಮೆಯ ಪ್ರಮಾಣವೆಂದು ಒಪ್ಪಿದಂತಾಯಿತು. ನಮ್ಮ ಶ್ರಾವಕಾಚಾರದಲ್ಲಿಯೇ ಸಾಮ್ರಾಜ್ಯವನ್ನು ತೂಗಬಲ್ಲ ಬೇರೊಂದು ತಕ್ಕಡಿ ಇದೆಯೆಂಬುದು ಮರೆತುಹೋಯಿತು. ಆ ತಕ್ಕಡಿಯನ್ನು ಮರಳಿ ಕೈಗೆತ್ತಿಕೊಂಡು, ಪರಸ್ಪರ ಹತ್ತಿರದಲ್ಲಿರುವ ಕಡೂರು, ತರೀಕೆರೆ, ಅಜ್ಜಂಪುರ ಸೀಮೆಗಳ ಮೂರು ಸಾಕ್ಷ್ಯಗಳನ್ನು ತೂಗಿನೋಡುವುದು ಈ ಲೇಖನದ ಉದ್ದೇಶ.

ಶ್ರಾವಕನ ತಕ್ಕಡಿ

ಗೃಹಸ್ಥನಿಗೆ ವಿಧಿಸಲಾದ ಹನ್ನೆರಡು ವ್ರತಗಳಲ್ಲಿ ದಿಗ್ವ್ರತವೂ ಒಂದು. ಹತ್ತು ದಿಕ್ಕುಗಳಲ್ಲಿ ಇಂತಿಷ್ಟು ದೂರದವರೆಗೆ ಮಾತ್ರ ನನ್ನ ವ್ಯವಹಾರ, ಅದರಾಚೆಗೆ ನನ್ನ ಆಸೆಯೂ ಇಲ್ಲ, ನನ್ನಿಂದಾಗುವ ಹಿಂಸೆಯೂ ಇಲ್ಲ ಎಂದು ಬಾಳಿನುದ್ದಕ್ಕೂ ಎಲ್ಲೆ ಕಟ್ಟಿಕೊಳ್ಳುವುದೇ ಅದರ ತಿರುಳು. ದಿಗ್ವಿಜಯವೆಂಬ ಮಾತಿನ ಪಕ್ಕದಲ್ಲಿ ದಿಗ್ವ್ರತವನ್ನು ಇಟ್ಟು ನೋಡಿದರೆ, ಒಂದೇ ದಿಕ್ಕುಗಳ ಕುರಿತು ಎರಡು ವಿರುದ್ಧ ಮನೋಧರ್ಮಗಳು ಗೋಚರಿಸುತ್ತವೆ. ಒಂದಕ್ಕೆ ದಿಕ್ಕು ಎಂದರೆ ಗೆಲ್ಲಬೇಕಾದ ನೆಲ. ಇನ್ನೊಂದಕ್ಕೆ ದಿಕ್ಕು ಎಂದರೆ ನಿಲ್ಲಬೇಕಾದ ಗಡಿ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಪ್ರತಿ ವ್ರತಕ್ಕೂ ಐದೈದು ಅತಿಚಾರಗಳನ್ನು ಎಣಿಸುತ್ತದೆ. ದಿಗ್ವ್ರತದ ಅತಿಚಾರಗಳಲ್ಲಿ ಕ್ಷೇತ್ರವೃದ್ಧಿ ಒಂದು. ಎಂದರೆ ಕಟ್ಟಿಕೊಂಡ ಎಲ್ಲೆಯನ್ನು ಲೋಭದಿಂದ ಹಿಗ್ಗಿಸಿಕೊಳ್ಳುವುದು. ಸ್ಮೃತ್ಯಂತರಾಧಾನ ಮತ್ತೊಂದು, ಎಂದರೆ ಎಲ್ಲೆ ಎಲ್ಲಿತ್ತೆಂಬುದನ್ನೇ ಮರೆತುಬಿಡುವುದು. ಅಹಿಂಸಾಣುವ್ರತದ ಅತಿಚಾರಗಳು ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ ಎಂಬ ಐದು. ಜೀವಿಗಳನ್ನು ಕಟ್ಟುವುದು, ಹೊಡೆಯುವುದು, ಅಂಗಗಳನ್ನು ಭೇದಿಸುವುದು, ಶಕ್ತಿಮೀರಿ ಹೊರೆ ಹೊರಿಸುವುದು, ಆಹಾರ ನೀರುಗಳನ್ನು ತಡೆಯುವುದು ಎಂದು ಅವುಗಳ ಅರ್ಥ. ಈ ಪಟ್ಟಿಗಳನ್ನು ರಚಿಸಿದ ಆಚಾರ್ಯರ ಕಣ್ಣಮುಂದೆ ಇದ್ದವನು ಸಾಮಾನ್ಯ ಗೃಹಸ್ಥ. ಆದರೂ ಸಾಮ್ರಾಜ್ಯ ಬೆಳೆದ ಬಗೆಗೆ ಕ್ಷೇತ್ರವೃದ್ಧಿ, ಅದು ನಿಂತ ಬಗೆಗೆ ಅತಿಭಾರಾರೋಪಣ, ಅದು ಹೊಗಳಿಸಿಕೊಂಡ ಬಗೆಗೆ ಸ್ಮೃತ್ಯಂತರಾಧಾನ ಎಂಬ ಹೆಸರುಗಳು ಎಷ್ಟು ಚೆನ್ನಾಗಿ ಹೊಂದುತ್ತವೆ ಎಂಬುದು ಮುಂದಿನ ಸಾಕ್ಷ್ಯಗಳಿಂದ ತಿಳಿಯುತ್ತದೆ.

ಕಡೂರು: ಒಂದೇ ಮನೆಯ ಎರಡು ದಾರಿ

ಇಂದಿನ ಚಿಕ್ಕಮಗಳೂರು ಜಿಲ್ಲೆಗೆ ಹಿಂದೆ ಕಡೂರು ಜಿಲ್ಲೆಯೆಂದೇ ಹೆಸರಿತ್ತು. ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ ಆರನೆಯ ಸಂಪುಟ ಈ ಜಿಲ್ಲೆಗೆ ಮೀಸಲಾದುದು. ಕಡೂರಿನ ಒಂದು ಶಾಸನವು ಗಂಗ ದೊರೆ ಬೂತುಗನ ಅಕ್ಕ ಪಾಂಬಬ್ಬೆಯನ್ನು ಕುರಿತದ್ದು. ಆಕೆ ಕೇಶಲೋಚ ಮಾಡಿಕೊಂಡು, ಮೂವತ್ತು ವರ್ಷಗಳ ಕಾಲ ತಪಸ್ಸನ್ನಾಚರಿಸಿ, ಪಂಚವ್ರತಗಳನ್ನು ಪಾಲಿಸಿ, 971ರಲ್ಲಿ ದೇಹತ್ಯಾಗ ಮಾಡಿದಳೆಂಬುದು ಅದರ ಸಾರಾಂಶ. ಲೆಕ್ಕ ಹಾಕಿದರೆ ಆಕೆ ಅರಮನೆಯನ್ನು ಬಿಟ್ಟುದು 941ರ ಸುಮಾರಿಗೆ. ಪಂಪನ ಆದಿಪುರಾಣವೂ 941ರದೇ ಎಂಬುದು ಗಮನಾರ್ಹ.

ಆ ಮೂವತ್ತು ವರ್ಷಗಳಲ್ಲಿ ತಮ್ಮನು ಏನು ಮಾಡುತ್ತಿದ್ದನೆಂಬುದನ್ನು ಇನ್ನೊಂದು ಕಲ್ಲು ಹೇಳುತ್ತದೆ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಶಾಸನದ ಪ್ರಕಾರ, 949ರ ತಕ್ಕೋಲದ ಯುದ್ಧದಲ್ಲಿ ಬೂತುಗನು ತನ್ನ ಭಾವಮೈದುನನೂ ಸಾರ್ವಭೌಮನೂ ಆದ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಹೋರಾಡಿ, ಚೋಳ ರಾಜಕುಮಾರ ರಾಜಾದಿತ್ಯನನ್ನು ಕೊಂದನು. ಮೆಚ್ಚಿದ ಕೃಷ್ಣನು ಅವನಿಗೆ ಬನವಾಸಿ ಹನ್ನೆರಡು ಸಾಸಿರ, ಬೆಳ್ವೊಲ ಮುನ್ನೂರು, ಪುರಿಗೆರೆ ಮುನ್ನೂರು, ಕಿಸುಕಾಡು ಎಪ್ಪತ್ತು, ಬಾಗೆನಾಡು ಎಪ್ಪತ್ತುಗಳನ್ನು ಕೊಟ್ಟನು. ಬೂತುಗನು ತನ್ನ ಸೇವಕ ಮಣಲೇರನಿಗೆ ಮೆಚ್ಚುಗೆಯನ್ನು ತೋರಿದನು; ಮಣಲೇರನು ಕಾಳಿಯೆಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಆ ನಾಯಿ ಒಂದು ಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ನಾಯಿಯ ನೆನಪಿಗಾಗಿ ನೆಟ್ಟ ಕಲ್ಲಿನಲ್ಲಿಯೇ ಈ ಮಹಾಯುದ್ಧದ ವಾರ್ತೆಯೂ ಅಡಕವಾಗಿದೆ.

ಸಾಮ್ರಾಜ್ಯವೊಂದು ಹೇಗೆ ಬೆಳೆಯುತ್ತಿತ್ತು, ಹೇಗೆ ನಿಲ್ಲುತ್ತಿತ್ತು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪಾಠ ಬೇಕಿಲ್ಲ. ಸಾರ್ವಭೌಮನು ಮಾಂಡಲಿಕನಿಗೆ, ಮಾಂಡಲಿಕನು ಸೇವಕನಿಗೆ, ಹೀಗೆ ಕೊಡುಗೆಯ ಮೆಟ್ಟಿಲುಗಳು ಇಳಿಯುತ್ತಾ ಹೋಗುತ್ತವೆ. ಕೆಳಗಿನವನ ನಿಷ್ಠೆ ಮೇಲಿನವನ ಕೊಡುಗೆಯಲ್ಲಿದೆ. ಕೊಡುಗೆಗೆ ನೆಲ ಬೇಕು. ನೆಲಕ್ಕೆ ಯುದ್ಧ ಬೇಕು. ಆದ್ದರಿಂದ ಕ್ಷೇತ್ರವೃದ್ಧಿಯು ಅರಸನೊಬ್ಬನ ದುರಾಸೆ ಮಾತ್ರವಲ್ಲ, ಆ ಏರ್ಪಾಡಿನ ಉಸಿರಾಟವೇ ಆಗಿತ್ತು. ರೋಮ್ ತನ್ನ ನಿವೃತ್ತ ಯೋಧರಿಗೆ ಗೆದ್ದ ಸೀಮೆಗಳಲ್ಲಿ ಭೂಮಿ ಹಂಚಿ, ಆ ನೆಲೆಗಳ ಮೂಲಕವೇ ಸೀಮೆಗಳನ್ನು ಹಿಡಿದಿಟ್ಟುಕೊಂಡದ್ದು ಇದೇ ತತ್ತ್ವದ ಇನ್ನೊಂದು ರೂಪ. ಹೊಸ ನೆಲ ದೊರೆಯುವವರೆಗೆ ಮೆಟ್ಟಿಲುಗಳು ಭದ್ರ. ದೊರೆಯದಿದ್ದಾಗ ಮೆಟ್ಟಿಲಿನವರೇ ಸಾರ್ವಭೌಮರಾಗಲು ಹೊರಡುತ್ತಾರೆ. ಕೃಷ್ಣನು 967ರಲ್ಲಿ ತೀರಿಕೊಂಡ ಕೆಲವೇ ವರ್ಷಗಳಲ್ಲಿ ರಾಷ್ಟ್ರಕೂಟರನ್ನು ಕೆಡವಿದ ತೈಲಪನು ಅವರದೇ ಸಾಮಂತನಾಗಿದ್ದನು.

ಇಲ್ಲಿ ಒಂದು ಸಮರ್ಥನೆ ಕೇಳಿಬರುತ್ತದೆ. ಗೃಹಸ್ಥನು ಬಿಡಬೇಕಾದುದು ಸಂಕಲ್ಪೀ ಹಿಂಸೆಯನ್ನು ಮಾತ್ರ. ಆರಂಭೀ, ಉದ್ಯೋಗೀ, ವಿರೋಧೀ ಹಿಂಸೆಗಳು ಅವನಿಗೆ ಅನಿವಾರ್ಯ. ಅರಸನ ಯುದ್ಧವು ವಿರೋಧೀ ಹಿಂಸೆ. ಆದುದರಿಂದ ದೋಷವಿಲ್ಲ ಎಂಬುದು ಆ ವಾದ. ಮನೆಯ ಮೇಲೆ ಬಿದ್ದ ಶತ್ರುವನ್ನು ತಡೆಯುವುದು ವಿರೋಧೀ ಹಿಂಸೆ ಎಂಬುದು ಸರಿ. ಆದರೆ ಗಂಗವಾಡಿಯ ದೊರೆ ದೂರದ ತೊಂಡೈಮಂಡಲಕ್ಕೆ ದಂಡು ಕೊಂಡೊಯ್ದುದನ್ನು ಆ ಹೆಸರಿನಿಂದ ಕರೆಯಬಹುದೇ? ಗಡಿ ದಾಟಿದ ಮೇಲೆ ವಿರೋಧಿ ಯಾರು, ಬಂದವನೋ ಇದ್ದವನೋ? ನಾಲ್ಕು ವಿಧದ ವಿಭಾಗವು ಗೃಹಸ್ಥನ ಅಸಹಾಯಕತೆಗೆ ಕೊಟ್ಟ ಕರುಣೆಯ ರಿಯಾಯಿತಿ. ಅದನ್ನು ದಿಗ್ವಿಜಯಕ್ಕೆ ಪರವಾನಗಿಯಾಗಿ ಓದುವುದು ಶಾಸ್ತ್ರಕ್ಕೆ ಮಾಡುವ ಅಪಚಾರ.

ಇಂದಿನ ನೀತಿಯಿಂದ ಅಂದಿನವರನ್ನು ಅಳೆಯುವುದು ನ್ಯಾಯವಲ್ಲ ಎಂಬ ಆಕ್ಷೇಪವೂ ಬರಬಹುದು. ಆದರೆ ಈ ನೀತಿ ಅಂದಿನವರದೇ. ಬೂತುಗನ ಮಗ ಮಾರಸಿಂಹನ ಕುರಿತು ಶ್ರವಣಬೆಳಗೊಳದ ಕೂಗೆ ಬ್ರಹ್ಮದೇವರ ಕಂಬದ ಶಾಸನವು ಮೊದಲು ಅವನ ಗೆಲುವುಗಳನ್ನು ಸಾಲಾಗಿ ಹೇಳಿ, ಅನಂತರ ಅವನು ರಾಜ್ಯವನ್ನು ತ್ಯಜಿಸಿ ಬಂಕಾಪುರದಲ್ಲಿ ಅಜಿತಸೇನ ಗುರುಗಳ ಸನ್ನಿಧಿಯಲ್ಲಿ ಸಲ್ಲೇಖನವನ್ನು ಕೈಗೊಂಡುದನ್ನು ಹೇಳುತ್ತದೆ. ರಾಷ್ಟ್ರಕೂಟ ವಂಶದ ಇಂದ್ರನೂ 982ರಲ್ಲಿ ಬೆಳಗೊಳದಲ್ಲಿ ಅದೇ ದಾರಿ ಹಿಡಿದನು. ಗೆಲುವೇ ಕೊನೆಯ ಮಾತಲ್ಲವೆಂದು ಅವರೇ ತಮ್ಮ ಬಾಳಿನ ಕಡೆಯಲ್ಲಿ ತೀರ್ಮಾನಿಸಿದ್ದರು. ಪಾಂಬಬ್ಬೆಯು ಆ ತೀರ್ಮಾನಕ್ಕೆ ಮೂವತ್ತು ವರ್ಷ ಮುಂಚೆಯೇ ಬಂದಿದ್ದಳು. ನಮ್ಮ ಇತಿಹಾಸದ ಬರಹಗಳಲ್ಲಿ ತಕ್ಕೋಲದ ಬೂತುಗನಿಗೆ ಪುಟಗಳು ಸಿಗುತ್ತವೆ. ಕಡೂರಿನ ಅಕ್ಕನಿಗೆ ಹೆಚ್ಚೆಂದರೆ ಒಂದು ಸಾಲು.

ತರೀಕೆರೆ: ಕಲ್ಲಿನಲ್ಲಿ ಮತ್ತು ಕಾವ್ಯದಲ್ಲಿ ಜನ್ನ

ತರೀಕೆರೆಯ ಸಮೀಪದ ಅಮೃತಾಪುರದಲ್ಲಿ ಹೊಯ್ಸಳ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರನು 1196ರಲ್ಲಿ ಕಟ್ಟಿಸಿದ ಶಿವಾಲಯವಿದೆ. ಅದರ ಶಾಸನವನ್ನು ರಚಿಸಿದ ಕವಿ ಜನ್ನ. ಬಲ್ಲಾಳನಿಂದ ಕವಿಚಕ್ರವರ್ತಿಯೆಂಬ ಬಿರುದು ಪಡೆದವನು, ಜಿನಭಕ್ತ. ಶಿವಾಲಯಕ್ಕೆ ಜೈನ ಕವಿಯ ಶಾಸನ ಎಂಬುದನ್ನು ನಾವು ಮತಸಾಮರಸ್ಯದ ದೃಷ್ಟಾಂತವಾಗಿ ಎತ್ತಿಹೇಳುತ್ತೇವೆ, ಅದು ಉಚಿತವೇ. ಆದರೆ ಅಧಿಕಾರದ ದೃಷ್ಟಿಯಿಂದ ಅದರಲ್ಲಿ ಇನ್ನೊಂದು ಅರ್ಥವೂ ಇದೆ. ಸಾಮ್ರಾಜ್ಯವು ಖಡ್ಗದಿಂದ ಗೆದ್ದುದನ್ನು ದೇವಾಲಯ, ದತ್ತಿ, ಶಾಸನಗಳಿಂದ ನೆಲೆಗೊಳಿಸುತ್ತದೆ. ದಂಡನಾಯಕನು ದೇವಾಲಯ ಕಟ್ಟಿಸಿದ ಊರಿನಲ್ಲಿ ಅರಸನ ವಂಶಾವಳಿ ಕಲ್ಲಾಗಿ ನಿಲ್ಲುತ್ತದೆ. ಪೂಜೆ ನಡೆಯುವವರೆಗೆ ಆ ಹೆಸರೂ ನಡೆಯುತ್ತದೆ. ಉಚ್ಚಂಗಿಯ ಪಾಂಡ್ಯರನ್ನೂ ಸೇವುಣರನ್ನೂ ಸೋಲಿಸಿ ಬೆಳೆದ ಬಲ್ಲಾಳನ ಪ್ರತಾಪಕ್ಕೆ ಇಂತಹ ನೂರಾರು ಕಲ್ಲುಗಳು ಗೂಟಗಳಂತಿದ್ದವು.

ನಮ್ಮ ದಾನಗಳೂ ಇದೇ ನೆಲದಿಂದ ಬಂದವು. ವಿಷ್ಣುವರ್ಧನನ ದಂಡನಾಯಕ ಗಂಗರಾಜನು 1116ರ ಸುಮಾರಿಗೆ ಚೋಳರಿಂದ ತಲಕಾಡನ್ನು ಬಿಡಿಸಿದನು. ಅರಸನು ಮೆಚ್ಚಿ ಬೇಡಿದ್ದನ್ನು ಕೊಡುವೆನೆಂದಾಗ, ತನಗಾಗಿ ಏನನ್ನೂ ಉಳಿಸಿಕೊಳ್ಳದೆ ಪರಮ ಎಂಬ ಗ್ರಾಮವನ್ನು ಪಡೆದು ಜಿನಾಲಯಗಳಿಗೆ ಅರ್ಪಿಸಿದನು. ಗಂಗವಾಡಿಯ ಬಸದಿಗಳ ಜೀರ್ಣೋದ್ಧಾರ ಮಾಡಿಸಿದನು. ಗೊಮ್ಮಟನಿಗೆ ಸುತ್ತಾಲಯವನ್ನು ಕಟ್ಟಿಸಿದನು. ಈ ಅಪರಿಗ್ರಹಬುದ್ಧಿ ನಿಜವಾದುದು, ಪೂಜ್ಯವಾದುದು. ಆದರೂ ದಾನದ ಮೂಲ ಯುದ್ಧವೇ ಎಂಬ ಸಂಗತಿಯನ್ನು ಮುಚ್ಚಿಡುವುದರಿಂದ ಆತನ ಗೌರವವೇನೂ ಹೆಚ್ಚುವುದಿಲ್ಲ. ದಾನವು ಗೆಲುವನ್ನು ತೊಳೆಯುತ್ತದೆ ಎಂಬ ಭಾವನೆ ಬೆಳೆದರೆ, ಮುಂದಿನ ಗೆಲುವಿಗೆ ಧರ್ಮದ ಹೆಸರಿನಲ್ಲಿಯೇ ದಾರಿಯಾಗುತ್ತದೆ. ಕಳಿಂಗದ ಖಾರವೇಲನ ಹಾಥಿಗುಂಫಾ ಶಾಸನವನ್ನು ನೋಡಿರಿ. ನಂದರಾಜನು ಒಯ್ದಿದ್ದ ಜಿನಬಿಂಬವನ್ನು ಅವನು ಮಗಧದಿಂದ ಮರಳಿ ತಂದನು. ವೀತರಾಗನ ಬಿಂಬ ಹೋದುದೂ ಸೇನೆಯಿಂದ, ಬಂದುದೂ ಸೇನೆಯಿಂದ.

ಇಷ್ಟರಲ್ಲಿ ಜನ್ನನನ್ನು ಆಸ್ಥಾನದ ಹೊಗಳುಗವಿಯೆಂದು ಬದಿಗಿಡಬಾರದು. ಅಮೃತಾಪುರದ ದೇವಾಲಯ ಎದ್ದ ಹದಿಮೂರು ವರ್ಷಗಳ ಅನಂತರ, 1209ರಲ್ಲಿ, ಅವನು ಯಶೋಧರ ಚರಿತೆಯನ್ನು ಬರೆದನು. ಕಥೆ ವಾಚಕರಿಗೆ ತಿಳಿದುದೇ. ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದ ಯಶೋಧರನು ಜೀವಂತ ಕೋಳಿಯ ಬದಲು ಹಿಟ್ಟಿನ ಕೋಳಿಯನ್ನು ಬಲಿಕೊಡುತ್ತಾನೆ. ರಕ್ತ ಹರಿಯಲಿಲ್ಲ, ಆದರೆ ಕೊಲ್ಲುವ ಸಂಕಲ್ಪವಿತ್ತು. ಆ ಸಂಕಲ್ಪದ ಫಲವಾಗಿ ತಾಯಿಯೂ ಮಗನೂ ಭವಭವಗಳಲ್ಲಿ ಪ್ರಾಣಿಗಳಾಗಿ ಹುಟ್ಟಿ, ಕೊಲ್ಲಲ್ಪಡುತ್ತಾರೆ. ಕಡೆಗೆ ಆ ಕಥೆಯನ್ನು ಕೇಳಿದ ಮಾರಿದತ್ತನು ಬಲಿಯನ್ನೂ ರಾಜ್ಯವನ್ನೂ ಬಿಡುತ್ತಾನೆ.

ಕವಿಯು ಇದನ್ನು ಸಾಮ್ರಾಜ್ಯದ ಕಥೆಯಾಗಿ ಬರೆಯಲಿಲ್ಲ. ಆದರೂ ಇದು ಅರಸರ ಕಥೆಯೇ. ಕೇಳಿದ ಆಸ್ಥಾನವೂ ಗೆದ್ದ ಅರಸನದೇ. ಕೊಲೆಗೆ ಬೇರೆ ಹೆಸರಿಟ್ಟರೆ, ಬೇರೆ ರೂಪ ಕೊಟ್ಟರೆ, ಅದರ ಭಾರ ಇಳಿಯುತ್ತದೆ ಎಂಬ ಭ್ರಮೆಯನ್ನು ಒಡೆಯುವುದು ಈ ಕಾವ್ಯದ ಕೆಲಸ. ಶಾಸನಗಳ ದುಷ್ಟನಿಗ್ರಹ, ಶಿಷ್ಟಪ್ರತಿಪಾಲನೆ ಎಂಬ ಪದಪುಂಜವು ಎಷ್ಟೋ ಸಲ ಅಂತಹ ಹಿಟ್ಟಿನ ಲೇಪನವೇ ಅಲ್ಲವೇ? ಕಲ್ಲಿನಲ್ಲಿ ಬಲ್ಲಾಳನನ್ನು ಕೀರ್ತಿಸಿದ ಲೇಖನಿಯೇ ಓಲೆಯಲ್ಲಿ ಅರಸನ ಸಂಕಲ್ಪವನ್ನು ಪ್ರಶ್ನಿಸಿತು. ರೋಮ್‌ನ ಇತಿಹಾಸಕಾರ ಟ್ಯಾಸಿಟಸ್‌ನಲ್ಲಿಯೂ ಇಂತಹದೊಂದು ಇಬ್ಬಗೆಯಿದೆ. ತನ್ನ ಮಾವನಾದ ಅಗ್ರಿಕೋಲನ ಬ್ರಿಟನ್ ವಿಜಯವನ್ನು ಹೊಗಳುವ ಗ್ರಂಥದಲ್ಲಿಯೇ, ಎದುರಾಳಿ ನಾಯಕನ ಬಾಯಲ್ಲಿ ರೋಮ್‌ನ ಲೂಟಿಯನ್ನು ಖಂಡಿಸುವ ಭಾಷಣವನ್ನು ಇರಿಸಿದನು. ಅಶೋಕನು ಕಳಿಂಗ ಯುದ್ಧದಲ್ಲಿ ಒಂದು ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನ ಸೆರೆಯಾಗಿ ಒಯ್ಯಲ್ಪಟ್ಟರು ಎಂದು ಹದಿಮೂರನೆಯ ಶಿಲಾಶಾಸನದಲ್ಲಿ ತಾನೇ ನುಡಿದು ಪರಿತಪಿಸಿದನು. ಆದರೆ ಕಳಿಂಗದ ಧೌಲಿ, ಜೌಗಡಗಳಲ್ಲಿಯೇ ಆ ಶಾಸನವನ್ನು ಕೆತ್ತಿಸಲಿಲ್ಲ. ಅದರ ಬದಲು ಬೇರೆ ಶಾಸನಗಳನ್ನು ಹಾಕಿಸಿದನು. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ 1989ರಲ್ಲಿ ದೊರೆತ ಕಲ್ಲಿನಲ್ಲಿಯೂ ಆ ಬೇರೆ ಶಾಸನಗಳಿವೆ. ಪಶ್ಚಾತ್ತಾಪವು ಎಲ್ಲರಿಗೂ ತಿಳಿಯಿತು, ನೊಂದವರ ಊರಿನ ಬಂಡೆಯ ಮೇಲೆ ಮಾತ್ರ ಮೂಡಲಿಲ್ಲ. ಗೆದ್ದವರ ಸ್ಮೃತಿಯಲ್ಲಿ ಎಲ್ಲಿ ಮರೆವನ್ನು ಇಡಬೇಕೆಂಬುದೂ ಆಳ್ವಿಕೆಯ ಒಂದು ಉಪಾಯ.

ಈ ಮರೆವಿಗೆ ಆದಿಪುರಾಣವು ಕೊಟ್ಟ ಚಿತ್ರ ಅಪೂರ್ವವಾದುದು. ಷಟ್ಖಂಡಗಳನ್ನು ಗೆದ್ದ ಭರತನು ವೃಷಭಾಚಲದಲ್ಲಿ ತನ್ನ ಹೆಸರನ್ನು ಬರೆಯಿಸಲು ಹೋದಾಗ, ಹಿಂದಿನ ಚಕ್ರವರ್ತಿಗಳ ಹೆಸರುಗಳಿಂದ ಬೆಟ್ಟವೆಲ್ಲ ತುಂಬಿರುತ್ತದೆ. ಒಬ್ಬನ ಹೆಸರನ್ನು ಅಳಿಸಿ ತನ್ನದನ್ನು ಬರೆಯಬೇಕಾಗುತ್ತದೆ. ಸಾಮ್ರಾಜ್ಯಗಳ ಹೋಲಿಕೆಗೆ ಇದಕ್ಕಿಂತ ದೊಡ್ಡ ಗ್ರಂಥ ಬೇಕಾಗಿಲ್ಲ. ಅದೇ ಪುರಾಣದಲ್ಲಿ ಬಾಹುಬಲಿಯು ಗೆದ್ದ ಕ್ಷಣದಲ್ಲಿಯೇ ಗೆಲುವನ್ನು ಬಿಡುತ್ತಾನೆ. ಶ್ರವಣಬೆಳಗೊಳದಲ್ಲಿ ನಾವು ಅಭಿಷೇಕ ಮಾಡುವುದು ಬಿಟ್ಟವನಿಗೆ, ಬೆಟ್ಟದಲ್ಲಿ ಹೆಸರು ಬರೆದವನಿಗಲ್ಲ.

ಅಜ್ಜಂಪುರ: ಹೊರೆ ಹೊತ್ತವರು

ಮೂರನೆಯ ಸಾಕ್ಷ್ಯ ಕಲ್ಲಿನದಲ್ಲ, ಜೀವದ್ದು. ಕಾಲವೂ ಬಹಳ ಈಚಿನದು. ಆದರೆ ದಂಡಿಗೆ ಆಹಾರವನ್ನೂ ಆಯುಧವನ್ನೂ ಸಾಗಿಸುವ ಪ್ರಶ್ನೆ ಎಲ್ಲ ಕಾಲದ ಸಾಮ್ರಾಜ್ಯಗಳಿಗೂ ಒಂದೇ ಆದುದರಿಂದ, ಪ್ರಾಚೀನರ ಕುರಿತು ಕಲ್ಲುಗಳು ಹೇಳದೆ ಬಿಟ್ಟುದನ್ನು ಇದು ಹೇಳುತ್ತದೆ. ಹಿಂದೆ ತರೀಕೆರೆ ತಾಲ್ಲೂಕಿಗೆ ಸೇರಿದ್ದು ಈಗ ತಾನೇ ತಾಲ್ಲೂಕು ಕೇಂದ್ರವಾಗಿರುವ ಅಜ್ಜಂಪುರವು ಅಮೃತಮಹಲ್ ತಳಿಯ ಸಂವರ್ಧನ ಕೇಂದ್ರದಿಂದ ಪ್ರಸಿದ್ಧ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಗೆ ಹಾಲು ಬೆಣ್ಣೆ ಒದಗಿಸುವ ಬೆಣ್ಣೆ ಚಾವಡಿಯಾಗಿದ್ದ ಈ ಇಲಾಖೆಯನ್ನು ಹೈದರನು ದಂಡಿನ ಕೆಲಸಕ್ಕೆ ತಿರುಗಿಸಿದನು. ಟಿಪ್ಪುವು ಅಮೃತಮಹಲ್ ಎಂದು ಹೆಸರಿಟ್ಟನು. ಮೇವಿಗಾಗಿ ನಾಡಿನ ತುಂಬ ಕಾವಲುಗಳನ್ನು ಮೀಸಲಿಟ್ಟರು. ತೋಪುಗಳನ್ನು ಎಳೆಯುತ್ತ, ಸರಂಜಾಮನ್ನು ಹೊರುತ್ತ, ವೇಗವಾಗಿ ದೂರ ನಡೆಯಬಲ್ಲ ಈ ಎತ್ತುಗಳು ಮೈಸೂರು ಸೇನೆಯ ಕಾಲುಗಳಾದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅವು ಇಂಗ್ಲಿಷರ ಪಾಲಾದವು. ಆರ್ಥರ್ ವೆಲ್ಲೆಸ್ಲಿ ಅವುಗಳನ್ನು ಬಹಳವಾಗಿ ಮೆಚ್ಚಿಕೊಂಡನು.

ಧ್ವಜ ಬದಲಾಯಿತು, ನೊಗ ಬದಲಾಗಲಿಲ್ಲ. ಒಂದು ಸಾಮ್ರಾಜ್ಯದ ತೋಪನ್ನು ಎಳೆದ ಎತ್ತು ಮರುದಿನ ಅದರ ಶತ್ರುವಿನ ತೋಪನ್ನು ಎಳೆಯಿತು. ಅದಕ್ಕೆ ಜಯವೂ ಇಲ್ಲ, ಅಪಜಯವೂ ಇಲ್ಲ, ಹೊರೆಯೊಂದೇ. ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧಗಳೆಂಬ ಐದೂ ದೋಷಗಳನ್ನು ದಂಡಿನ ಎತ್ತಿನ ಬಾಳಿನಲ್ಲಿ ಒಂದೊಂದಾಗಿ ಗುರುತಿಸಬಹುದು. ಮೂಗು ಚುಚ್ಚುವುದರಿಂದ, ಬೀಜ ಒಡೆಯುವುದರಿಂದ ತೊಡಗಿ, ನೀರಿಲ್ಲದ ಹಾದಿಯ ದೀರ್ಘ ಪಯಣದವರೆಗೆ ಎಲ್ಲವೂ ಅದರಲ್ಲಿದೆ. ಸಾಮ್ರಾಜ್ಯಗಳ ಬಾಳಿಕೆಗೆ ಇತಿಹಾಸಕಾರರು ಕೊಡುವ ಕಾರಣಗಳಾದ ರಸ್ತೆ, ಕಂದಾಯ, ಅಧಿಕಾರಿವರ್ಗ ಎಲ್ಲವೂ ಕೊನೆಗೆ ಯಾರದೋ ಬೆನ್ನಿನ ಮೇಲೆ ನಿಂತವು. ರೋಮ್‌ನ ಗಣಿಗಳಲ್ಲಿ ಗುಲಾಮರ ಬೆನ್ನು, ಅಸ್ಸೀರಿಯದಲ್ಲಿ ಊರುಬಿಡಿಸಿ ಒಯ್ದ ಜನಗಳ ಬೆನ್ನು, ನಮ್ಮ ನಾಡಿನಲ್ಲಿ ತೆರಿಗೆ ತೆತ್ತ ಒಕ್ಕಲಿನ ಬೆನ್ನು, ಎಲ್ಲೆಡೆಯೂ ಮೂಕಪ್ರಾಣಿಗಳ ಬೆನ್ನು. ಆತಕೂರಿನ ಕಾಳಿಗೆ ಒಂದು ಕಲ್ಲಾದರೂ ದೊರೆಯಿತು. ಸಾವಿರ ಸಾವಿರ ಎತ್ತುಗಳಿಗೆ ಅದೂ ಇಲ್ಲ. ಬೇರೆ ನೀತಿಗ್ರಂಥಗಳು ಪ್ರಜೆಯವರೆಗೆ ಬಂದು ನಿಂತರೂ, ಅಹಿಂಸಾಣುವ್ರತದ ಲೆಕ್ಕವು ಎತ್ತಿನ ಹೆಗಲಿನ ಹುಣ್ಣಿನವರೆಗೆ ಹೋಗುತ್ತದೆ. ಇದು ನಮ್ಮ ಪರಂಪರೆಯು ಇತಿಹಾಸ ವಿಮರ್ಶೆಗೆ ಕೊಡಬಹುದಾದ ವಿಶಿಷ್ಟ ಕಾಣಿಕೆ.

ತೂಕದ ಫಲ

ಮೂರು ಸಾಕ್ಷ್ಯಗಳನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಸಾಮ್ರಾಜ್ಯಗಳ ನಡುವಿನ ವ್ಯತ್ಯಾಸಗಳು ಅಳಿದುಹೋಗುವುದಿಲ್ಲ. ಸೋತವನಿಗೂ ಕಾಲಕ್ರಮದಲ್ಲಿ ಪೌರತ್ವ ಕೊಟ್ಟ ರೋಮ್, ಯುದ್ಧದ ಅನಂತರ ಧರ್ಮಘೋಷವನ್ನು ಸಾರಿದ ಮೌರ್ಯ, ಎಲ್ಲ ಮತಗಳ ದೇವಾಲಯಗಳಿಗೂ ದತ್ತಿ ಕೊಟ್ಟ ಹೊಯ್ಸಳ, ಇವೆಲ್ಲ ಬರಿಯ ಕೊಳ್ಳೆಗಾರರಿಗಿಂತ ಮೇಲು. ಹಿಂಸೆಯಲ್ಲಿಯೂ ತಾರತಮ್ಯವಿದೆ ಎಂದು ಕಲಿಸಿದ ಧರ್ಮಕ್ಕೆ ಈ ತಾರತಮ್ಯವನ್ನು ಕಾಣುವ ಕಣ್ಣು ಇರಲೇಬೇಕು. ಆದರೆ ಹೆಚ್ಚು ಹಬ್ಬಿದುದು ಹೆಚ್ಚು ದೊಡ್ಡದು ಎಂಬ ಎಣಿಕೆಯನ್ನು ಆ ಕಣ್ಣು ಒಪ್ಪುವುದಿಲ್ಲ. ಎಲ್ಲಿ ನಿಂತರು, ಯಾರ ಮೇಲೆ ಹೊರಿಸಿದರು, ಯಾವುದನ್ನು ಮರೆತರು ಎಂದು ಅದು ಕೇಳುತ್ತದೆ.

ಈ ಪ್ರಶ್ನೆಗಳನ್ನು ಬೂತುಗನಿಗೂ ಗಂಗರಾಜನಿಗೂ ಖಾರವೇಲನಿಗೂ ಕೇಳುವ ಧೈರ್ಯ ನಮಗಿರಬೇಕು. ಹಾಗೆ ಕೇಳುವುದರಿಂದ ಪೂರ್ವಜರಿಗೆ ಅವಮಾನವಾಗದು. ಅವರು ಒಪ್ಪಿದ ವ್ರತಗಳಿಗೆ ಗೌರವವಾದೀತು. ಇತರರ ವಿಜಯಗಳನ್ನು ಹಿಂಸೆಯೆಂದೂ ನಮ್ಮವರದನ್ನು ಪ್ರಭಾವನೆಯೆಂದೂ ಕರೆಯುವ ಬರಹವನ್ನು ಓದಿದ ಎಳೆಯರು ಅಹಿಂಸೆಯನ್ನು ಒಂದು ಪಕ್ಷದ ಘೋಷಣೆಯೆಂದು ತಿಳಿದಾರು. ಧಾರ್ಮಿಕ ಶಿಬಿರಗಳಲ್ಲಿ ತಕ್ಕೋಲದ ಕಥೆಯನ್ನು ಹೇಳುವಾಗ ಕಡೂರಿನ ಶಾಸನದ ಸಾರವನ್ನೂ ಹೇಳಲಿ. ಅಮೃತಾಪುರಕ್ಕೆ ಕರೆದೊಯ್ದಾಗ ಶಿಲ್ಪದ ಸೊಬಗಿನೊಡನೆ ಯಶೋಧರನ ಕಥೆಯನ್ನೂ ನೆನಪಿಸಲಿ. ಅಜ್ಜಂಪುರದ ಕಾವಲಿನಲ್ಲಿ ಮೇಯುವ ದನಗಳನ್ನು ತೋರಿಸಿ ಅತಿಭಾರಾರೋಪಣವೆಂಬ ಶಬ್ದದ ಅರ್ಥವನ್ನು ತಿಳಿಸಲಿ.

ಇಂದು ನಮ್ಮಲ್ಲಿ ದಂಡನಾಯಕರಿಲ್ಲ. ವ್ಯಾಪಾರ, ಉದ್ಯಮ, ಸಂಸ್ಥೆಗಳಿವೆ. ಕ್ಷೇತ್ರವೃದ್ಧಿಗೆ ಅಲ್ಲಿಯೂ ಅವಕಾಶವಿದೆ. ಹೊರೆ ಹೊರುವವರು ಅಲ್ಲಿಯೂ ಇದ್ದಾರೆ. ದಾನದ ಫಲಕದಲ್ಲಿ ಹೆಸರು ಕೆತ್ತಿಸುವ ಆಸೆ ಅಲ್ಲಿಯೂ ಉಂಟು. ಆದುದರಿಂದ ಪಾಂಬಬ್ಬೆಯ ಕಲ್ಲು ರಾಜವಂಶದ ಒಂದು ನಿಸಿಧಿ ಮಾತ್ರವಾಗಿ ಉಳಿಯಬಾರದು. ಬೆಳ್ವೊಲ, ಪುರಿಗೆರೆಗಳೆಲ್ಲ ತನ್ನ ತವರಿಗೆ ಸೇರುತ್ತಿದ್ದ ಕಾಲದಲ್ಲಿ, ತನಗೆ ಎಷ್ಟು ನೆಲ ಸಾಕೆಂಬುದನ್ನು ಆಕೆ ತೀರ್ಮಾನಿಸಿಕೊಂಡಿದ್ದಳು.